ತೆಗೆದ ಡಿಸ್ಕಿಗಾಗಿ ಕಾಯುತ್ತಿದ್ದ ಲಿನಕ್ಸ್: ನನ್ನ ಅನುಭವ

ಹಳೆಯ ಸರ್ವರಿನಿಂದ ಎರಡನೆಯ ಹಾರ್ಡ್ ಡಿಸ್ಕನ್ನೂ ಒಂದು ನೆಟ್‌ವರ್ಕ್ ಕಾರ್ಡನ್ನೂ ತೆಗೆದ ಮೇಲೆ ಅದು ಬೂಟ್ ಆಗಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದು ಕೆಲವರೂ, ಹೊಸದಾಗಿ ಇನ್‌ಸ್ಟಾಲ್ ಮಾಡದೆ ಗತಿಯಿಲ್ಲ ಎಂದು ಉಳಿದವರೂ ತೀರ್ಮಾನಿಸಿ ಬಿಡಿಭಾಗಗಳ ದರಪಟ್ಟಿಯನ್ನೂ ತರಿಸಿದ್ದರು. ಆ ಮೊತ್ತ ಯಂತ್ರದ ಬೆಲೆಯನ್ನೇ ಮೀರುತ್ತಿತ್ತು. ಯಂತ್ರ ಕೆಟ್ಟಿಲ್ಲ, ಯಾವುದಕ್ಕೋ ಕಾಯುತ್ತಿದೆ ಎಂಬ ನನ್ನ ಮಾತನ್ನು ಯಾರೂ ಒಪ್ಪಲಿಲ್ಲ.

ಬೂಟ್ ಶುರುಮಾಡುವ ಗ್ರಬ್ಬನ್ನು ಮತ್ತೆ ಹಾಕಿದ್ದೂ, ಉಳಿದ ಡಿಸ್ಕಿಗೆ ಕಡತವ್ಯವಸ್ಥೆ ತಪಾಸಿಸುವ ಎಫ್‌ಎಸ್‌ಸಿಕೆ ಓಡಿಸಿದ್ದೂ ವ್ಯರ್ಥವಾಗಿದ್ದವು. ಉತ್ತರ ಪರದೆಯ ಮೇಲೆಯೇ ಇತ್ತು: ಅತ್ತಿಂದಿತ್ತ ಓಡುವ ಕೆಂಪು ನಕ್ಷತ್ರಗಳು, ಒಂದು ಯುಯುಐಡಿ (ಡಿಸ್ಕ್ ವಿಭಾಗದ ಗುರುತು ಸಂಖ್ಯೆ), 1 ನಿಮಿಷ 30 ಸೆಕೆಂಡಿನ ಎಣಿಕೆ, ಆಮೇಲೆ ದುರಸ್ತಿಗೆಂದು ಬೂಟ್ ಅರ್ಧಕ್ಕೆ ನಿಲ್ಲುವ ಎಮರ್ಜೆನ್ಸಿ ಮೋಡ್. ರೂಟ್ (ಆಡಳಿತಗಾರ) ಖಾತೆ ಲಾಕ್ ಆಗಿದ್ದುದರಿಂದ ಅಲ್ಲಿ ಆದೇಶ ಬರೆಯುವ ಶೆಲ್ ಸಿಗಲಿಲ್ಲ. ಗ್ರಬ್‌ನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಸಾಲಿನ ಕೊನೆಗೆ ಇನಿಟ್ (ಮೊದಲು ಓಡುವ ಪ್ರೋಗ್ರಾಂ) ಆಗಿ ಬ್ಯಾಶ್ ಶೆಲ್ಲನ್ನು ಕೊಟ್ಟು, ಲಿನಕ್ಸ್ ಇರುವ ರೂಟ್ ವಿಭಾಗವನ್ನು ಬರೆಯಲು ಬರುವಂತೆ ರೀಮೌಂಟ್ ಮಾಡಿ, ಬೂಟ್ ವೇಳೆ ಜೋಡಿಸಬೇಕಾದ ಡಿಸ್ಕುಗಳನ್ನು ಹೇಳುವ ಎಫ್‌ಎಸ್‌ಟ್ಯಾಬ್ ಕಡತವನ್ನು ಬಿಎಲ್‌ಕೆಐಡಿ ತೋರಿಸಿದ, ಈಗಿರುವ ವಿಭಾಗಗಳ ಪಟ್ಟಿಯೊಂದಿಗೆ ಸಾಲುಸಾಲಾಗಿ ಹೋಲಿಸಿದೆ. ಇಲ್ಲದ ಡಿಸ್ಕಿನ ಎರಡು ಸಾಲುಗಳು ಹಾಗೆಯೇ ಇದ್ದವು. ಸ್ವಾಪ್ (ಮೆಮೊರಿಗೆ ನೆರವಾಗುವ ಡಿಸ್ಕ್ ಜಾಗ) ಸಾಲನ್ನು ಅಳಿಸಿದೆ; ಬ್ಯಾಕಪ್ ಡಿಸ್ಕನ್ನು ಆಗಾಗ ಮರಳಿ ಜೋಡಿಸುವುದಿದ್ದುದರಿಂದ ಅದರ ಸಾಲಿಗೆ, ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲಿ ಎನ್ನುವ ನೋಫೇಲ್ ಜೊತೆಗೆ 10 ಸೆಕೆಂಡಿನ ಡಿವೈಸ್ ಟೈಮ್‌ಔಟನ್ನೂ ಸೇರಿಸಿದೆ. ಟೈಮ್‌ಔಟ್ ಒಂದನ್ನೇ ಬರೆದರೆ ಎಮರ್ಜೆನ್ಸಿ ಮೋಡ್ ಇನ್ನಷ್ಟು ಬೇಗ ಬರುತ್ತದೆ, ಅಷ್ಟೇ. ಬಹಳ ಮಂದಿ ಎಡವುವುದು ಇಲ್ಲಿಯೇ.

ಯಂತ್ರ ಎದ್ದರೂ ಆರಂಭದಲ್ಲಿ ಸುಮಾರು ಅರ್ಧ ನಿಮಿಷ ಏನೂ ನಡೆಯುತ್ತಿರಲಿಲ್ಲ. ಹೋದ ಸ್ವಾಪ್‌ನಿಂದ ರೆಸ್ಯೂಮ್ ಆಗಲು (ನಿದ್ರೆಗೆ ಮುಂಚಿನ ಸ್ಥಿತಿಗೆ ಮರಳಲು), ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್ ಕಾಯುತ್ತಿತ್ತು. ಲಿನಕ್ಸಿನ ಡೆಬಿಯನ್ ಆವೃತ್ತಿ ಆದ್ದರಿಂದ ರೆಸ್ಯೂಮ್ ಕಡತದಲ್ಲಿ ನನ್ (ಯಾವುದೂ ಇಲ್ಲ) ಎಂದು ಬರೆದು ಇನಿಟ್‌ರಾಮ್‌ಎಫ್‌ಎಸ್ಸನ್ನು ಹೊಸದಾಗಿ ಕಟ್ಟಿದೊಡನೆ ಅದು ತೀರಿತು. ಕಾರ್ಡ್ ಹೋದುದರಿಂದ ಪಿಸಿಐ ಬಸ್ (ಕಾರ್ಡುಗಳ ಜೋಡಣೆ) ಸಂಖ್ಯೆ ಸರಿದು, ಅದರಿಂದಲೇ ಹೆಸರು ಪಡೆಯುವ ಉಳಿದ ನೆಟ್‌ವರ್ಕ್ ಪೋರ್ಟಿನ ಹೆಸರೇ ಬದಲಾಗಿತ್ತು. ನೆಟ್‌ವರ್ಕ್ ಸಿದ್ಧವಾಗುವವರೆಗೆ ಬೂಟನ್ನು ತಡೆಯುವ ವೇಟ್‌ಆನ್‌ಲೈನ್ ಸೇವೆ ಪೂರಾ 2 ನಿಮಿಷ ಹಳೆಯ ಹೆಸರಿಗಾಗಿ ಕಾಯುತ್ತಿತ್ತು. ಹೆಸರಿನ ಬದಲು ಪೋರ್ಟಿನ ಸ್ಥಿರ ಗುರುತಾದ ಮ್ಯಾಕ್ ವಿಳಾಸದಿಂದ ಗುರುತಿಸುವಂತೆ ಮಾಡಿದೆ.

ಇದೇ ಜಾಡು ಹಿಡಿದು ಇನ್ನೊಂದು ಯಂತ್ರವನ್ನೂ ನೋಡಿದೆ. ಅದರಲ್ಲಿ ಫ್ಲಾಪಿ ಡ್ರೈವ್ ಇಲ್ಲದಿದ್ದರೂ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅದು ಇದೆಯೆಂದು ಹೇಳುತ್ತಿತ್ತು, ಕರ್ನಲ್ ಅದನ್ನು ನಂಬಿ ಎಫ್‌ಡಿ0 ಎಂಬ ಫ್ಲಾಪಿ ಸಾಧನವನ್ನು ಓದಲು ಹೆಣಗುತ್ತಿತ್ತು. ಫ್ಲಾಪಿ ಮಾಡ್ಯೂಲನ್ನು ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿದ ಮೇಲೆ ದೋಷದ ಸಾಲುಗಳು ನಿಂತವು.

ಮೊದಲ ಸರ್ವರ್ ಈಗ ಹೆಚ್ಚುಕಡಿಮೆ 25 ಸೆಕೆಂಡಿನಲ್ಲಿ ಏಳುತ್ತದೆ, ಒಂದು ಕಾಸೂ ಖರ್ಚಾಗಿಲ್ಲ. ಹಾರ್ಡ್‌ವೇರ್ ಕಳಚುವ ಮೊದಲೇ ಯಾವ ಯಾವ ಯೂನಿಟ್ (ಬೂಟ್ ವೇಳೆಯ ಕೆಲಸ) ಅದಕ್ಕೆ ಜೋತುಬಿದ್ದಿದೆ ಎಂದು ಪಟ್ಟಿ ಮಾಡುವ ಸ್ಕ್ರಿಪ್ಟೊಂದನ್ನೂ ಬರೆದಿದ್ದೇನೆ. ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಹಂಚುವ ಎಲ್‌ವಿಎಂ ಇರುವ ಯಂತ್ರಗಳಲ್ಲಿ ಅದು ಇನ್ನೂ ಪಳಗಬೇಕಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.