ಹಾಜರಿ ಪುಸ್ತಕ ಮುಚ್ಚಿಟ್ಟು ಬರೆದ ಹೆಸರುಗಳು

ಏಪ್ರಿಲ್ 10ರಂದು ಫಲಿತಾಂಶ ಓದಿ ಮಕ್ಕಳನ್ನು ಕಳುಹಿಸಿದ ಸಂಜೆ, ಹಾಜರಿ ಪುಸ್ತಕ ಮುಚ್ಚಿಟ್ಟು ನನ್ನ ತರಗತಿಯ ಅಷ್ಟೂ ಹೆಸರುಗಳನ್ನು ನೆನಪಿನಿಂದ ಬರೆಯುತ್ತೇನೆ. ಬಿಟ್ಟುಹೋದ ಹೆಸರಿನ ಮಕ್ಕಳ ಮನೆಗೆ ಹೋಗಿಬರುವುದೇ ನನ್ನ ಬೇಸಿಗೆಯ ಕೆಲಸ. ನಾಲ್ಕು ವರ್ಷಗಳ ಹಿಂದೆ ಇದನ್ನು ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಹೇಳಿದಾಗ, "ಹೆಸರು ಬರೆದರೆ ಗಣಿತ ಬರುತ್ತದೆಯೇ ಮೇಡಂ?" ಎಂದು ಕೇಳಿದವರಿದ್ದರು. ಈಗ ಅವರಲ್ಲೇ ಇಬ್ಬರು ಪಟ್ಟಿ ಬರೆಯುತ್ತಿದ್ದಾರೆ.

ಅದಕ್ಕೂ ಮೊದಲು ನಾನು ಸೋತದ್ದು ಕಡಿಮೆಯಲ್ಲ. ನನ್ನ ಪಾಠದ ಬಗ್ಗೆ ಮಕ್ಕಳ ಅಭಿಪ್ರಾಯ ತಿಳಿಯಲೆಂದು ನೂರೈವತ್ತು ರೂಪಾಯಿ ಕೊಟ್ಟು ಪ್ರಶ್ನಾವಳಿ ಜೆರಾಕ್ಸ್ ಮಾಡಿಸಿದೆ. "ಮಿಸ್ ಚೆನ್ನಾಗಿ ಪಾಠ ಮಾಡುತ್ತಾರೆ" ಎಂದು ಎಲ್ಲರೂ ಬರೆದುಕೊಟ್ಟರು. ನನ್ನ ಕೈಗೇ ಕೊಡಬೇಕಾದ ಹಾಳೆಯಲ್ಲಿ ಅವರು ಇನ್ನೇನು ಬರೆದಾರು? ಇನ್ನೊಂದು ವರ್ಷ ಗೋಡೆಗೆ ಬಣ್ಣದ ಚಾರ್ಟುಗಳೆಂದು ಎರಡೂವರೆ ಸಾವಿರದಷ್ಟು ಸುರಿದೆ. ಮಳೆಗಾಲದ ತೇವಕ್ಕೆ ಅರ್ಧ ಉದುರಿದವು.

ಮೊಬೈಲಿನಲ್ಲಿ ನನ್ನ ಪಾಠವನ್ನೇ ಧ್ವನಿಮುದ್ರಿಸಿದ್ದು ಮಾತ್ರ ಉಪಯೋಗಕ್ಕೆ ಬಂತು. ಮೇಜಿನ ಡ್ರಾಯರಿನಲ್ಲಿಟ್ಟಾಗ ಏನೂ ಕೇಳಲಿಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟಾಗ ಎಲ್ಲವೂ ಕೇಳಿತು. ಹತ್ತು ಹನ್ನೊಂದು ಅವಧಿಗಳನ್ನು ರಾತ್ರಿ ಕೂತು ಕೇಳಿದೆ. ಪ್ರಶ್ನೆ ಕೇಳಿ ಎರಡು ಸೆಕೆಂಡ್ ಕೂಡ ಕಾಯದೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಕರೆಯುತ್ತಿದ್ದುದೂ ಅದೇ ಆರು ಹೆಸರುಗಳನ್ನು. ಉಳಿದವರು ಯಾರು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಮೊದಲ ಪಟ್ಟಿಯಲ್ಲಿ 38 ಮಕ್ಕಳ ಪೈಕಿ ಐವರು ಬಿಟ್ಟುಹೋದರು. ತುಂಟರಲ್ಲ, ಜಾಣರೆನಿಸಿಕೊಂಡವರೂ ಅಲ್ಲ. ಅವರಲ್ಲೊಬ್ಬಳ ಮನೆ ನಾಲೆಯ ಆಚೆ. ಮೇ ತಿಂಗಳ ಒಂದು ಬೆಳಿಗ್ಗೆ ಹೋದಾಗ ಅವಳ ತಂದೆ ಎಳನೀರು ಇಳಿಸಿ ಮದ್ದೂರಿನ ಮಾರುಕಟ್ಟೆಗೆ ಹೊರಟಿದ್ದರು. ಅವಳು ಜಗಲಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದಳು, ಅದೂ ನಾನು ಕಲಿಸುವ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ನೂರು ಎಳನೀರಿಗೆ ನಾಲ್ಕನ್ನು ಲೆಕ್ಕಕ್ಕಿಲ್ಲದೆ ಬಿಡಬೇಕಂತೆ. 650ಕ್ಕೆ 26 ಎಂದು ಬಾಯಲ್ಲೇ ಹೇಳಿ, ಉಳಿದದ್ದಕ್ಕೆ ದರ ಕಟ್ಟಿದಳು. ಅದೇ ನೋಟ್‌ಬುಕ್ಕಿನ ಮೊದಲಿನ ಹಾಳೆಗಳಲ್ಲಿ ಶೇಕಡಾ ಲೆಕ್ಕಗಳನ್ನು ಖಾಲಿ ಬಿಟ್ಟಿದ್ದಳು. ಕೆಂಪು ಶಾಯಿಯಲ್ಲಿ 'ಗಮನ ಕೊಡು' ಎಂದು ಬರೆದವಳು ನಾನು. ಗಮನ ಕೊಡಬೇಕಾಗಿದ್ದವಳೂ ನಾನೇ. ಅವಳ ತಾಯಿ "ಕೂತುಕೊಳ್ಳಿ ಮಿಸ್" ಎಂದು ಎಳನೀರು ಕೆತ್ತಿ ಕೊಟ್ಟರು. ಕುಡಿಯುವಾಗ ಗಂಟಲು ಕಟ್ಟಿತು.

ಆ ಜೂನ್‌ನಲ್ಲಿ ಎಂಟನೆಯ ತರಗತಿಯ ಸೇತುಬಂಧವನ್ನು, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ವರ್ಷಾರಂಭದ ಪಾಠಗಳನ್ನು, ಅವಳ ಎಳನೀರಿನ ಲೆಕ್ಕದಿಂದಲೇ ಆರಂಭಿಸಿದೆ. ಹಲಗೆಯ ಮೇಲೆ ಬರೆದವಳೂ ಅವಳೇ. ಸೇತುಬಂಧದ ಮೊದಲು ನಡೆಸುವ ನೈದಾನಿಕ ಪರೀಕ್ಷೆಯಲ್ಲಿ ಶೇಕಡಾ ಬಿಡಿಸಿದವರು ಒಂಬತ್ತೋ ಹತ್ತೋ ಮಂದಿ, ಕೊನೆಯ ಸಾಫಲ್ಯ ಪರೀಕ್ಷೆಯಲ್ಲಿ ಇಪ್ಪತ್ತೈದು ದಾಟಿದರು. ನನ್ನ ಹದಿನೆಂಟು ವರ್ಷಗಳ ಸೇವೆಯಲ್ಲಿ ಯಾವ ಸೇತುಬಂಧವೂ ಹೀಗೆ ಫಲ ಕೊಟ್ಟಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹಳೆಯ ಬೆಲ್ಲದ ಡಬ್ಬಕ್ಕೆ ಸೀಳು ಮಾಡಿ, ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಹಾಕಿ ಎಂದೆ. ಮೊದಲ ತಿಂಗಳು ಬರೀ ಬೆಂಚಿನ ಜಗಳಗಳೇ ಬಂದವು. ಆಮೇಲೆ ಒಂದು ದಿನ "ಭಾಗಾಕಾರ ಇನ್ನೊಮ್ಮೆ ಹೇಳಿ ಮಿಸ್" ಎಂಬ ಹೆಸರಿಲ್ಲದ ಚೀಟಿ ಬಂತು. ಆ ಡಬ್ಬ ಇನ್ನೂ ನನ್ನ ಮೇಜಿನ ಮೇಲಿದೆ.

ಈ ಮನೆ ಭೇಟಿಗಳ ಖರ್ಚು ಬೇಸಿಗೆಗೆ ಹೆಚ್ಚೆಂದರೆ ಆರುನೂರು ರೂಪಾಯಿ, ಅದೂ ಸ್ಕೂಟರಿನ ಪೆಟ್ರೋಲಿಗೆ. ಮನೆಗೆ ಹೋದಾಗ ಅಂಕದ ಮಾತು ಎತ್ತಬೇಡಿ. ನಾನು ಮೊದಲು ಕೇಳುವ ಪ್ರಶ್ನೆಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳತೊಡಗಿದರೆ ಅದೂ ಒಂದು ನಮೂನೆಯಾಗಿಬಿಡುತ್ತದೆ.

ಈ ಏಪ್ರಿಲ್‌ನಲ್ಲಿ ಬಿಟ್ಟುಹೋದ ಹೆಸರುಗಳು ಎರಡು. ಒಬ್ಬನ ಮನೆಗೆ ಹೋಗಿ ಬಂದೆ. ಇನ್ನೊಬ್ಬನ ಮನೆಗೆ ಬೀಗ ಹಾಕಿತ್ತು. ಕೂಲಿಗೆ ಹೋದವರು ಶಾಲೆ ತೆರೆಯುವ ಹಿಂದಿನ ವಾರ ಬರುತ್ತಾರೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಆ ವಾರ ಮತ್ತೆ ಹೋಗುತ್ತೇನೆ.