ಅಮೆರಿಕದಲ್ಲಿ ಬ್ರ್ಯಾಂಡಿಗೆ ಹೆಸರಿಡುವ ಮುಂಚೆ ಅದನ್ನು ಜೋರಾಗಿ ಹೇಳಿ ನೋಡಿ

ನಮ್ಮ ಪರಿಚಯದ ಅಕ್ಕ ಒಬ್ಬರು ಇಲ್ಲಿ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ವ್ಯಾಪಾರ ಕುದುರಿದ ಮೇಲೆ ಚೆಂದದ ಒಂದು ಹೆಸರು ಹುಡುಕಿ, ಲೇಬಲ್ ಪ್ರಿಂಟ್ ಹಾಕಿಸಿ, ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದರು. ಎಷ್ಟೋ ತಿಂಗಳಾದ ಮೇಲೆ ಉತ್ತರ ಬಂತು: ಆಗಲ್ಲ. ಹಾಗೇ ಕೇಳಿಸುವ ಹೆಸರು ಮಸಾಲೆ ಪುಡಿಗೆ ಮೊದಲೇ ಬೇರೆ ಯಾರಿಗೋ ನೋಂದಣಿ ಆಗಿತ್ತು. "ಅವರದು ಕೆ, ನನ್ನದು ಸಿ. ಸ್ಪೆಲ್ಲಿಂಗೇ ಬೇರೆ ಇದೆಯಲ್ಲಪ್ಪ" ಅಂತ ಆ ಕಾಗದ ಹಿಡಿದುಕೊಂಡು ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಟೇಬಲ್ ಮೇಲೆ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಲೇಬಲ್ ಸುರುಳಿ. ಕಟ್ಟಿದ 350 ಡಾಲರ್ ವಾಪಸ್ ಬರಲ್ಲ. ಅದಕ್ಕಿಂತ ಜಾಸ್ತಿ ಬೇಜಾರು ಅವರಿಗೆ ಆ ಹೆಸರು ಕೈಬಿಟ್ಟು ಹೋಗಿದ್ದಕ್ಕೆ.

ಇಲ್ಲಿನ ಟ್ರೇಡ್‌ಮಾರ್ಕ್ ಆಫೀಸಿನವರು ನೋಡುವುದು ಎರಡು ಹೆಸರೂ ಒಂದೇನಾ ಅಂತಲ್ಲ. ಕೊಳ್ಳುವವರು ಎರಡನ್ನೂ ಒಂದೇ ಕಂಪನಿಯ ಮಾಲು ಅಂದುಕೊಳ್ಳಬಹುದಾ ಅಂತ ನೋಡುತ್ತಾರೆ. ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಹೋದ ತಿಂಗಳು ಒಂದು ಪುಡಿ ತಗೊಂಡಿದ್ದ ಗಿರಾಕಿ, ಹೆಸರು ಅರೆಬರೆ ನೆನಪಿದೆ, ಇವತ್ತು ಅಂಗಡಿಯಲ್ಲಿ ನಿಮ್ಮ ಪ್ಯಾಕೆಟ್ ಕಾಣುತ್ತದೆ, ಅದೇ ಇದು ಅಂತ ಬುಟ್ಟಿಗೆ ಹಾಕಿಕೊಂಡರೆ ನಿಮ್ಮ ಹೆಸರು ತೀರಾ ಹತ್ತಿರ ಎಂದೇ ಅರ್ಥ. 1973ರಲ್ಲಿ ಡುಪಾಂಟ್ ಎಂಬ ಕಂಪನಿಯ ಕೇಸಿನಲ್ಲಿ ಕೋರ್ಟು ಇದನ್ನು ತೂಗಲು 13 ಅಂಶ ಹೇಳಿತು. ಟ್ರೇಡ್‌ಮಾರ್ಕ್ ಆಫೀಸಿನ ಪರೀಕ್ಷಕರು ಇವತ್ತಿಗೂ ಅದನ್ನೇ ಹಿಡಿದು ನೋಡುತ್ತಾರೆ. ಆದರೆ ಹೆಚ್ಚಿನ ಅರ್ಜಿಗಳ ಹಣೆಬರಹ ಎರಡೇ ವಿಷಯದಲ್ಲಿ ತೀರ್ಮಾನವಾಗುತ್ತದೆ. ಹೆಸರು ಎಷ್ಟು ಹತ್ತಿರ, ಸಾಮಾನು ಎಷ್ಟು ಹತ್ತಿರ.

ಹೆಸರನ್ನು ಕಣ್ಣಿಗೆ, ಕಿವಿಗೆ, ಅರ್ಥಕ್ಕೆ ಹೇಗಿದೆ ಅಂತ ನೋಡುತ್ತಾರೆ. ನಮ್ಮವರು ಎಡವುವುದು ಕಿವಿಯಲ್ಲಿ. ಬಿತ್ತನೆ ಬೀಜದ ಎರಡು ಹೆಸರಿನ ಕೇಸು 2012ರಲ್ಲಿ ಟ್ರೇಡ್‌ಮಾರ್ಕ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟಿನವರೆಗೆ ಹೋಯಿತು. ಒಬ್ಬರದು ಎಕ್ಸ್ ಬರೆದು, ಅಡ್ಡಗೆರೆ ಹಾಕಿ, ಆಮೇಲೆ ಸೀಡ್. ಇನ್ನೊಬ್ಬರದು ಗೆರೆಯಿಲ್ಲದೆ ಎಕ್ಸೀಡ್, ಅದರಲ್ಲಿ ಎಕ್ಸ್ ಆದಮೇಲೆ ಸಿ ಅಕ್ಷರ. ಕಾಗದದ ಮೇಲೆ ಬೇರೆ ಬೇರೆ, ಬಾಯಲ್ಲಿ ಒಂದೇ. ಎಕ್ಸೀಡಿಗೆ ನೋಂದಣಿ ಸಿಗಲಿಲ್ಲ. ಬ್ರ್ಯಾಂಡಿಗೆ ಇದೇ ಸರಿಯಾದ ಉಚ್ಚಾರಣೆ ಅಂತ ಒಂದಿಲ್ಲ, ಜನ ಹೇಗಾದರೂ ಓದಬಹುದು ಅನ್ನುವುದು ಅಲ್ಲಿ ಗಟ್ಟಿಯಾದ ಮಾತು. ಈಗ ಇದನ್ನು ಕನ್ನಡಕ್ಕೆ ಹಚ್ಚಿ ನೋಡಿ. ನಮಗೆ ಹಾಲು ಬೇರೆ, ಹಾಳು ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ದೀರ್ಘಕ್ಕೆ ಇನ್ನೊಂದು ಎ ಸೇರಿಸಿದೆ, ವಿ ತೆಗೆದು ಡಬ್ಲ್ಯು ಹಾಕಿದೆ ಅಂತ ನೀವು ಎಷ್ಟೇ ಹೇಳಿದರೂ ಅದು ಅಲ್ಲಿ ನಿಲ್ಲುವುದು ಕಷ್ಟ.

ಕನ್ನಡ ಲಿಪಿಯಲ್ಲಿ ಬರೆದರೆ ಬಚಾವ್ ಅಂತಲೂ ಅಂದುಕೊಳ್ಳಬೇಡಿ. ಅರ್ಜಿಯಲ್ಲೇ ಅದರ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು, ಅರ್ಥವನ್ನೂ ಹೇಳಬೇಕು. ಅರ್ಥ ಯಾಕೆ ಅಂತೀರಾ? ಬೇರೆ ಭಾಷೆಯ ಪದವನ್ನು ಇಂಗ್ಲಿಷಿಗೆ ತಿರುಗಿಸಿ ಹೋಲಿಸುವ ಪದ್ಧತಿ ಇಲ್ಲಿದೆ. ಸ್ಪ್ಯಾನಿಷಿನ 'ಬ್ಯೂನೋಸ್ ದಿಯಾಸ್' ಹೆಸರಿನ ಸೋಪಿಗೆ 'ಗುಡ್ ಮಾರ್ನಿಂಗ್' ಹೆಸರಿನ ಶೇವಿಂಗ್ ಕ್ರೀಮ್ ಅಡ್ಡ ಬಂದಿತ್ತು. ಕನ್ನಡದ ಮಟ್ಟಿಗೆ ಇದು ಪ್ರತಿ ಸಲ ಅಡ್ಡಿಯಾಗುತ್ತದೆ ಅಂತಲ್ಲ, ಇಲ್ಲಿನ ಗಿರಾಕಿ ಆ ಪದವನ್ನು ನಿಂತು ಅನುವಾದ ಮಾಡಿಕೊಳ್ಳುತ್ತಾರಾ ಅನ್ನುವುದರ ಮೇಲೆ ಹೋಗುತ್ತದೆ. ಆದರೂ 'ಮಲ್ಲಿಗೆ' ಇಡುವ ಮುಂಚೆ ಜಾಸ್ಮಿನ್ ಅಂತಲೂ ಒಮ್ಮೆ ಹುಡುಕಿಬಿಡಿ.

ಕೊನೆಗೆ ಫುಡ್ಸ್, ಕಿಚನ್, ಮಸಾಲಾ ಅಂತ ಬಾಲ ಸೇರಿಸುವುದು ಸುಮ್ನೆ ದಂಡ. ಅವೆಲ್ಲ ಯಾರು ಬೇಕಾದರೂ ಬಳಸುವ ಪದಗಳು, ಅವಕ್ಕೆ ತೂಕ ಕಡಿಮೆ. ಜನರ ನೆನಪಲ್ಲಿ ಉಳಿಯುವುದು ಮೊದಲ ಪದ.

ಇನ್ನು ಸಾಮಾನು. ನೋಂದಣಿಗೆ ಸಾಮಾನುಗಳನ್ನು ನಂಬರ್ ಹಾಕಿ ಕ್ಲಾಸುಗಳಾಗಿ ವಿಂಗಡಿಸಿದ್ದಾರೆ: ಮಸಾಲೆ ಪುಡಿ 30ನೇ ಕ್ಲಾಸು, ಉಪ್ಪಿನಕಾಯಿ 29. ಕ್ಲಾಸು ಬೇರೆ ಅಂದಮಾತ್ರಕ್ಕೆ ದೂರ ಆಗಲ್ಲ. ಇವೆರಡೂ ಒಂದೇ ಕಂಪನಿಯಿಂದ, ಒಂದೇ ಶೆಲ್ಫಿನಲ್ಲಿ ಸಿಗುತ್ತವೆ ಅಲ್ವಾ, ಪರೀಕ್ಷಕರೂ ಹಾಗೇ ಯೋಚಿಸುತ್ತಾರೆ. ಉಲ್ಟಾ ಆಗಿದ್ದೂ ಉಂಟು. 'ಬ್ಲೂ ಮೂನ್' ಬಿಯರಿಗೆ ಅದೇ ಹೆಸರಿನ ರೆಸ್ಟೋರೆಂಟ್ ಅಡ್ಡ ಬಂದಾಗ, ರೆಸ್ಟೋರೆಂಟಿನಲ್ಲಿ ಬಿಯರ್ ಸಿಗುತ್ತದೆ ಅಂದಮಾತ್ರಕ್ಕೆ ಸಾಲದು, ತಮ್ಮದೇ ಬಿಯರ್ ಮಾಡುವ ರೆಸ್ಟೋರೆಂಟುಗಳು ತೀರಾ ಕಮ್ಮಿ ಅಂತ 2003ರಲ್ಲಿ ಕೋರ್ಟು ಬಿಯರ್ ಕಂಪನಿಯ ಪರ ನಿಂತಿತು. ಹೋಟೆಲ್ ತೆರೆಯುವವರು ಇದನ್ನು ನೆನಪಿಡಿ.

ಊರಲ್ಲಿ ಹೆಸರುವಾಸಿ ಆಗಿದ್ದೇವೆ, ಇಲ್ಲೂ ನಡೆಯುತ್ತದೆ ಅನ್ನುವವರಿಗೆ ಒಂದು ಮಾತು. ಥಮ್ಸ್ ಅಪ್, ಲಿಮ್ಕಾ ಅಂದರೆ ನಮಗೆಲ್ಲ ಗೊತ್ತು, ಭಾರತದಲ್ಲಿ ಅವು ಕೋಕಾ-ಕೋಲಾದವು. ಅಮೆರಿಕದಲ್ಲಿ ಅವೇ ಹೆಸರುಗಳನ್ನು ಬೇರೊಂದು ಕಂಪನಿ ನೋಂದಣಿ ಮಾಡಿಸಿತ್ತು. ರದ್ದು ಮಾಡಿಸಲು ಹೋದ ಕೋಕಾ-ಕೋಲಾ, ಇಲ್ಲಿ ತನಗೆ ವ್ಯಾಪಾರವೋ ಹೆಸರೋ ಹಾಳಾಗಿದೆ ಅಂತ ತೋರಿಸಲಾಗದೆ 2022ರಲ್ಲಿ ಸೋತಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಿಮ್ಮ ತಾತನ ಕಾಲದ ಅಂಗಡಿಯ ಹೆಸರನ್ನು ಇಲ್ಲಿ ನೀವೇ ಬೇಗ ಕಾಪಾಡಿಕೊಳ್ಳಬೇಕು.

ಹುಡುಕುವುದಕ್ಕೆ ದುಡ್ಡು ಬೇಕಿಲ್ಲ. ಆಫೀಸಿನ ಸೈಟಿನಲ್ಲೇ ಟ್ರೇಡ್‌ಮಾರ್ಕ್ ಸರ್ಚ್ ಇದೆ. ಬಾಯಿಗೆ ಬರುವ ಎಲ್ಲ ಸ್ಪೆಲ್ಲಿಂಗನ್ನೂ ಹಾಕಿ. ನೋಂದಣಿ ಆದದ್ದಷ್ಟೇ ಅಲ್ಲ, ನಿಮಗಿಂತ ಮುಂಚೆ ಬಂದು ಕಾಯುತ್ತಿರುವ ಅರ್ಜಿಗಳನ್ನೂ ನೋಡಿ. ಅಲ್ಲಿ ಸಿಗದಿದ್ದರೆ ಗೂಗಲ್, ಇನ್‌ಸ್ಟಾಗ್ರಾಂ, ಹತ್ತಿರದ ಇಂಡಿಯನ್ ಅಂಗಡಿಯ ಶೆಲ್ಫ್ ನೋಡಿ, ಯಾಕಂದ್ರೆ ಇಲ್ಲಿ ನೋಂದಣಿ ಇಲ್ಲದೆಯೂ ಮೊದಲು ಬಳಸಿದವರಿಗೆ ಹಕ್ಕಿರುತ್ತದೆ. ಆಗಲ್ಲ ಅಂತ ಪತ್ರ ಬಂದರೆ ಉತ್ತರಕ್ಕೆ 3 ತಿಂಗಳು, ಶುಲ್ಕ ಕಟ್ಟಿದರೆ ಇನ್ನೂ 3. ಪರೀಕ್ಷಕರು ಒಪ್ಪಿದರೂ ಆಫೀಸಿನ ಗೆಜೆಟ್ಟಿನಲ್ಲಿ ಪ್ರಕಟವಾಗಿ 30 ದಿನ, ಇದರಿಂದ ತಮಗೆ ನಷ್ಟ ಅನ್ನುವವರು ತಕರಾರು ತೆಗೆಯಬಹುದು. ಹೆಸರು ತೀರಾ ಹತ್ತಿರ ಅನ್ನಿಸಿದರೆ ಲೇಬಲ್ ಪ್ರಿಂಟಿಗೆ ಕೊಡುವ ಮುಂಚೆ ವಕೀಲರಿಗೆ ತೋರಿಸಿ.

ಅಕ್ಕ ಈಗ ಹೊಸ ಹೆಸರು ಹುಡುಕಿದ್ದಾರೆ. ಈ ಸಲ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ಹೆಸರು ಹೇಳಿ, ಕಿವಿಗೆ ಬಿದ್ದ ಹಾಗೆ ಬರೆದುಕೊಡಿ ಎಂದು ಕೇಳಿದರು. ಅಜ್ಜಿ ನಾಲ್ಕು ಥರ ಬರೆದುಕೊಟ್ಟರು. ನಾಲ್ಕನ್ನೂ ಕೂತು ಹುಡುಕಿದೆವು. ಮೂರನೆಯದಕ್ಕೆ ಒಬ್ಬರು ಸಿಕ್ಕರು, ಆದರೆ ಅವರು ಮಾರುವುದು ಮಕ್ಕಳ ಬಟ್ಟೆ. ಹೋದ ವಾರ ಅದೇ ಹೆಸರಿಗೆ ಅರ್ಜಿ ಹಾಕಿದ್ದಾಯಿತು.