ಸಾಗರದ ಸರ್ವರಿನಲ್ಲಿ ಉಳಿದಿದ್ದ 512 ಬಿಟ್‌ನ ಕೀಲಿ

2015ರ ಮಾರ್ಚ್‌ನಲ್ಲಿ ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಸರ್ವರ್ ನೋಡಿಕೊಳ್ಳುತ್ತಿದ್ದೆ. ಸದಸ್ಯರು ಸಾಲದ ಬಾಕಿಯನ್ನೂ ರಾಶಿ, ಬೆಟ್ಟೆ ಅಡಿಕೆ ಮಾರಿದ ಹಣದ ಜಮೆಯನ್ನೂ ಅದರ ಮೂಲಕ ಮನೆಯಲ್ಲೇ ನೋಡುತ್ತಿದ್ದರು. ‘ಫ್ರೀಕ್’ ಎಂಬ ದೋಷ ಬಯಲಾದ ಸುದ್ದಿ ಓದಿದ ಸಂಜೆಯೇ, ‘ಎಕ್ಸ್‌ಪೋರ್ಟ್’ (ರಫ್ತು) ವರ್ಗದ ಸೈಫರ್‌ಗಳನ್ನು, ಅಂದರೆ ಸಂದೇಶ ಗೂಢವಾಗಿಸುವ ಹಳೆಯ ದುರ್ಬಲ ವಿಧಾನಗಳನ್ನು, ಮಾತ್ರ ಬಲ್ಲೆನೆಂಬಂತೆ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಿಂದ ಸಂಪರ್ಕಿಸಿ ನೋಡಿದೆ. ಸರ್ವರ್ ನಿರಾಕರಿಸಬೇಕಿತ್ತು, ಅದರ ಬದಲು ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ, ಕೇವಲ 512 ಬಿಟ್‌ನ ಕೀಲಿಯನ್ನು ಮುಂದಿಟ್ಟಿತು.

ಸರ್ವರಿನ ಗುರುತು ಸಾರುವ ಪ್ರಮಾಣಪತ್ರದ ಕೀಲಿ 2048 ಬಿಟ್‌ನದು ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ 1990ರ ದಶಕದಲ್ಲಿ ಅಮೆರಿಕವು ಗೂಢಲಿಪಿ ತಂತ್ರಾಂಶವನ್ನು ಯುದ್ಧಸಾಮಗ್ರಿಯ ಪಟ್ಟಿಯಲ್ಲಿಟ್ಟು, ಹೊರದೇಶಗಳಿಗೆ ಹೋಗುವ ಪ್ರತಿಗಳಲ್ಲಿ ಕೀಲಿಯನ್ನು ಬೇಕೆಂದೇ ಕುಗ್ಗಿಸುವಂತೆ ಮಾಡಿತ್ತು. 2000ದ ಜನವರಿಯಲ್ಲಿ ಆ ನಿರ್ಬಂಧ ಬಹುಮಟ್ಟಿಗೆ ಸಡಿಲಗೊಂಡರೂ ಅದಕ್ಕಾಗಿ ಬರೆದ ಕೋಡ್ ಉಳಿದೇ ಇತ್ತು. ಸದಸ್ಯರಿಗೂ ಸರ್ವರಿಗೂ ಮಧ್ಯೆ ಕುಳಿತವನು ಆಗಿನ ಸಫಾರಿಯನ್ನೋ ಆಂಡ್ರಾಯ್ಡ್ ಬ್ರೌಸರನ್ನೋ ಆ ದುರ್ಬಲ ಕೀಲಿಗೆ ಇಳಿಸಬಹುದಿತ್ತು. ಬಾಡಿಗೆಯ ಗಣಕಗಳಲ್ಲಿ ಸುಮಾರು ನೂರು ಡಾಲರ್ ಖರ್ಚಿನಲ್ಲಿ ಕೆಲವೇ ಗಂಟೆಗಳಲ್ಲಿ ಅದನ್ನು ಒಡೆಯಬಹುದಿತ್ತು. ನಮ್ಮ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆ ಆಗ ಆ ಕೀಲಿಯನ್ನು ಆರಂಭವಾದಾಗ ಒಮ್ಮೆ ಮಾತ್ರ ಸೃಷ್ಟಿಸುತ್ತಿತ್ತು. ಆಷಾಢದ ಮಳೆಯಲ್ಲಿ ಕರೆಂಟು ಹೋದರೂ ಯುಪಿಎಸ್ ಮತ್ತು ಜನರೇಟರ್ ಬಲದಿಂದ ಸರ್ವರನ್ನು ನಿಲ್ಲದಂತೆ ನಡೆಸಿದ್ದ ನಮ್ಮ ಶ್ರದ್ಧೆಯೇ, ಒಂದೇ ದುರ್ಬಲ ಕೀಲಿಯನ್ನು ತಿಂಗಳುಗಟ್ಟಲೆ ಜೀವಂತವಾಗಿಟ್ಟಿತ್ತು.

ಎಕ್ಸ್‌ಪೋರ್ಟ್ ಸೈಫರ್‌ಗಳನ್ನೂ ಎಸ್‌ಎಸ್‌ಎಲ್ 3 ಎಂಬ ಹಳೆಯ ಸುರಕ್ಷಿತ ಸಂಪರ್ಕ ವಿಧಾನವನ್ನೂ ತೆಗೆದು ಮತ್ತೆ ಪರೀಕ್ಷಿಸಿದಾಗ ಸರ್ವರ್ ನಿರಾಕರಿಸಿತು. ಶಾಖೆಯೊಂದರ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರದ ಸಂಪರ್ಕ ಕಡಿಯಿತು; ಅದರಲ್ಲಿ ಎಸ್‌ಎಸ್‌ಎಲ್ 3ರ ನಂತರ ಬಂದ ಟಿಎಲ್‌ಎಸ್ 1.0 ಆಯ್ಕೆ ಮಾಡಿದ ಮೇಲೆ ಸರಿಹೋಯಿತು.

ಅದೇ ಸೆಪ್ಟೆಂಬರ್‌ನಲ್ಲಿ ಭಾರತದ ಗೂಢಲಿಪೀಕರಣ ನೀತಿಯ ಕರಡು ಹೊರಬಂತು. ಸಂದೇಶಗಳ ಮೂಲಪಠ್ಯವನ್ನು 90 ದಿನ ಇಟ್ಟುಕೊಳ್ಳಬೇಕೆಂಬ ಷರತ್ತಿಗೆ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಆಗ ನಮ್ಮ ಅಧ್ಯಕ್ಷರು, “ನಮ್ಮ ಕೀಲಿಯದೊಂದು ಪ್ರತಿ ಸರ್ಕಾರಕ್ಕೂ ಕೊಡಬೇಕಾಗ್ತದಾ ಮಾರಾಯ್ರೆ?” ಎಂದು ಕೇಳಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಕಾರಣ ದಾಖಲಿಸಿದ ಆದೇಶ ಬಂದರೆ, ಅದರಲ್ಲಿ ಹೇಳಿದ ಮಾಹಿತಿಯನ್ನು ಗೂಢಲಿಪಿಯಿಂದ ಬಿಡಿಸಿ ಕೊಡಲೇಬೇಕು ಎಂದೆ. ಅಂತರ್ಜಾಲ ಸೇವಾದಾರರ ಪರವಾನಗಿಯಲ್ಲಿ 40 ಬಿಟ್ ಮೀರಿದರೆ ಕೀಲಿಯನ್ನು ಎರಡು ಭಾಗವಾಗಿಸಿ ದೂರಸಂಪರ್ಕ ಇಲಾಖೆಯಲ್ಲಿ ಇಡಬೇಕೆಂಬ ಷರತ್ತಿದ್ದುದನ್ನೂ ಹೇಳಿದೆ. ನಮ್ಮ ತಿಜೋರಿಗೂ ಎರಡು ಕೀಲಿಕೈಗಳಿವೆ, ಒಂದು ವ್ಯವಸ್ಥಾಪಕರ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ; ಎರಡೂ ಹೊರಗಿನ ಒಂದೇ ಕಚೇರಿಗೆ ಹೋದರೆ ವಿಭಜನೆಗೆ ಅರ್ಥವಿಲ್ಲ. ಆದೇಶದಿಂದ ಒಬ್ಬನ ಖಾತೆ ತೆರೆಯುತ್ತದೆ. ಮೊದಲೇ ಒಪ್ಪಿಸಿದ ಕೀಲಿಯಿಂದ ಎಲ್ಲ ಸದಸ್ಯರದೂ.

ಆಡಳಿತ ಮಂಡಳಿ ಒಪ್ಪಿದ ಮೇಲೆ, ಖಾಸಗಿ ಕೀಲಿಯ ಮೀಸಲು ಪ್ರತಿಯನ್ನು ಉದ್ದದ ಗುಪ್ತಪದದಿಂದ ಮುಚ್ಚಿ, ಆ ಪದದ ಎರಡು ಅರ್ಧಗಳನ್ನು ಬೇರೆ ಬೇರೆ ಮೊಹರು ಲಕೋಟೆಗಳಲ್ಲಿ ಕಾರ್ಯದರ್ಶಿಗೂ ವ್ಯವಸ್ಥಾಪಕರಿಗೂ ಕೊಟ್ಟು, ಇಬ್ಬರ ಸಹಿಯನ್ನು ದಾಖಲೆ ಪುಸ್ತಕದಲ್ಲಿ ಪಡೆದೆ.